ಕಂಡಕ್ಟರ್‌ಗೆ ತಾರೀಖು ನೆನಪಿರಲ್ಲ, ಆಟ ಇರೋದೇ ಅಲ್ಲಿ ಸ್ವಾಮಿ!

ಹಾಸನದಿಂದ ನಿವೃತ್ತ ಬಸ್ ಕಂಡಕ್ಟರ್ ಒಬ್ರು ನಮ್ ಪತ್ರಿಕೆಗೆ ಎರಡು ಪುಟ ಬರ್ದಿದಾರೆ, ಅದೂ ಹಳೇ ವೇಬಿಲ್ (ಕಂಡಕ್ಟರ್ ಟಿಕೆಟ್ ಲೆಕ್ಕ ಬರೆಯೋ ಹಾಳೆ) ಹಿಂದಗಡೆ. ಮನೆಯವ್ರೆಲ್ಲ ಕೂತ್ಕೊಂಡು ಟೀವೀಲಿ 'ದೃಶ್ಯ' ನೋಡಿದ್ರಂತೆ, ಮಗಳ ಮಾನಕ್ಕೆ ಕೈ ಹಾಕಿದ ಹುಡುಗ ತಾಯಿ-ಮಗಳ ಕೈಲಿ ಸತ್ತಾಗ ಹೆಣ ಬಚ್ಚಿಟ್ಟ ಅಪ್ಪನಿಗೆ ಮೊಮ್ಮಗ ಚಪ್ಪಾಳೆ ಹೊಡೆದಿದ್ದು ನೋಡಿ ಇವ್ರಿಗೆ ಸಂಕಟ ಆಯ್ತಂತೆ. ಬೇಕೂಂತ ಮಾಡಿದ್ದಲ್ವಲ್ಲ, ಆಗ್ಲೇ ಸ್ಟೇಷನ್‌ಗೆ ಹೋಗಿ ಹೇಳಿದ್ರೆ ಮುಗೀತಿತ್ತು, ಇಂಥ ಸಿನಿಮಾಗಳು ಜನಕ್ಕೆ ಹೆಣ ಹೂಳೋದ್ ಕಲಿಸ್ತವೆ ಅನ್ನೋದು ಮೊದಲನೇ ತಕರಾರು. ಎರಡನೇದು ನಂಗೆ ಭಾಳ ಇಷ್ಟ ಆಯ್ತು: ಯಾವ ಪ್ಯಾಸೆಂಜರ್ ಯಾವ ತಾರೀಖು ಹತ್ತಿದ ಅಂತ ಯಾವ ಕಂಡಕ್ಟರ್‌ಗೂ ನೆನಪಿರಲ್ಲ, ಸಿನಿಮಾದಲ್ಲಿ ತೋರ್ಸಿದ್ದು ಶುದ್ಧ ಸುಳ್ಳು!

ಮೊದಲನೇದಕ್ಕೆ ಒಪ್ಪಿದೆ ಯಜಮಾನ್ರೇ. ಮಾನ ಕಳೀಲಿಕ್ಕೆ ಬಂದವನನ್ನ ತಡೆಯೋವಾಗ ಅವನು ಸತ್ರೆ ಅದು ಆತ್ಮರಕ್ಷಣೆ ಅಂತ ಐಪಿಸಿ 100ನೇ ಸೆಕ್ಷನ್ ಹೇಳ್ತಿತ್ತು, ಸಾಕ್ಷಿ ಮುಚ್ಚಿದ್ರೆ ಮಾತ್ರ 201ನೇ ಸೆಕ್ಷನ್ ಬೇರೆ ಬೀಳ್ತಿತ್ತು. ಕಾನೂನು ನಿಮ್ ಕಡೆ ಇದೆ. ಆದ್ರೆ ಸತ್ತಿರೋನು ಪೊಲೀಸ್ ಐಜಿ ಮಗ, ಆ ಮನೆಯವ್ನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ಕೇಬಲ್‌ನೋನು. ಸೆಕ್ಷನ್ ನಂಬರ್ ನಂಬ್ಕೊಂಡು ಆ ರಾತ್ರಿ ಸ್ಟೇಷನ್ ಮೆಟ್ಲು ಹತ್ತೋ ಧೈರ್ಯ ನಂಗಂತೂ ಇಲ್ಲ, ನಿಮ್ಗಿದ್ರೆ ನಮಸ್ಕಾರ.

ಈಗ ಕಂಡಕ್ಟರ್ ವಿಷ್ಯಕ್ಕೆ ಬರೋಣ, ನಾನು ಮಾತಾಡ್ಬೇಕು ಅಂತಿದ್ದಿದ್ದೇ ಅದು. ಈ ಸಿನಿಮಾ 2013ರಲ್ಲಿ ಜೀತು ಜೋಸೆಫ್ ಮಲಯಾಳದಲ್ಲಿ ಮಾಡಿದ್ದು, ಮರು ವರ್ಷ ಪಿ. ವಾಸು ರವಿಚಂದ್ರನ್ ಇಟ್ಕೊಂಡು ಕನ್ನಡಕ್ಕೆ ತಂದ್ರು. ಮೂಲದಲ್ಲಿ ಆ ಕೇಬಲ್‌ನೋನು ಜಾರ್ಜ್‌ಕುಟ್ಟಿ ಕುಟುಂಬ ಕರ್ಕೊಂಡು ತೊಡುಪುಳ ಅನ್ನೋ ಊರಿಗೆ ನಿಜವಾಗ್ಲೂ ಹೋಗ್ತಾನೆ, ಆದ್ರೆ ಸಾವಾದ ಮೇಲೆ. ಬಸ್ಸು, ಲಾಡ್ಜು, ಹೋಟ್ಲು, ಥಿಯೇಟರು, ಎಲ್ಲಾ ಕಡೆ ನಾಲ್ಕು ಜನ ಮುಖ ನೋಡೋ ಹಾಗೆ ಮಾತಾಡಿ ಬರ್ತಾನೆ. ಆಮೇಲೆ ಅದೇ ಜನರ ಹತ್ರ ಮತ್ತೆ ಹೋಗಿ ಆಗಸ್ಟ್ 2 ಅನ್ನೋ, ಅಂದ್ರೆ ಸಾವಾದ ದಿನದ, ತಾರೀಖನ್ನ ಮಾತಿನ ಮಧ್ಯೆ ಅಂಟಿಸಿ ಬರ್ತಾನೆ. ಕಂಡಕ್ಟರ್‌ಗೆ ನೆನಪಿರೋದು ಮುಖ, ತಾರೀಖು ಇವನು ಕೊಟ್ಟಿದ್ದು. ತಾರೀಖು ನೆನಪಿರಲ್ಲ ಅಂತ ನೀವು ಬರ್ದಿದೀರಲ್ಲ, ಅವನು ಬದುಕಿದ್ದೇ ಅದರಿಂದ!

ನಂಬಿಕೆ ಬರ್ಲಿಲ್ಲ ಅಂತ ನಾನೂ ಒಂದ್ಸಲ ಮಾಡಿ ನೋಡಿದೆ. ಆಫೀಸ್ ಕೆಳಗಿನ ಹೋಟ್ಲಲ್ಲಿ ಗುರುವಾರ ಇಡ್ಲಿಗೆ ಚಟ್ನಿ ಖಾಲಿ ಆಗಿತ್ತು. ಎರಡು ದಿನ ಬಿಟ್ಟು ಸಪ್ಲೈಯರ್ ಹುಡುಗನ ಹತ್ರ "ಏನಪ್ಪ, ಮಂಗಳವಾರ ಬರೀ ಸಾಂಬಾರಲ್ಲಿ ತಿನ್ಸಿದ್ಯಲ್ಲ" ಅಂದೆ, ನಕ್ಕ. ಮುಂದಿನ ವಾರ ನಮ್ ಆರ್ಟಿಸ್ಟ್ ಹೋಗಿ ಚಟ್ನಿ ಖಾಲಿ ಆಗಿದ್ದು ಯಾವತ್ತು ಅಂತ ಕೇಳಿದ್ರೆ ಆ ಹುಡುಗ "ಮಂಗಳವಾರ ಸಾರ್, ಎಡಿಟರ್ ಸಾರ್ ಬೈದಿದ್ರು" ಅಂದ. ನಾನು ಬೈದೇ ಇರ್ಲಿಲ್ಲ! ಅದನ್ನ ಅವನೇ ಸೇರಿಸ್ಕೊಂಡಿದ್ದ. ಈಗಾದ್ರೆ ಈ ಆಟ ನಡೆಯಲ್ಲ ಬಿಡಿ, ಮಷಿನ್ ಟಿಕೆಟ್ ಮೇಲಿನ ಅಕ್ಷರ ಬೇಗ ಮಾಸಿ ಹೋಗುತ್ತೆ ನಿಜ, ಆದ್ರೆ ಇಡ್ಲಿಗೆ ಫೋನ್‌ಪೇ ಮಾಡಿದ್ದು ನಿಮಿಷದ ಸಮೇತ ಕೂತಿರುತ್ತೆ.

ಇಂಥ ಕಥೆ ನಿಲ್ಲೋದು ಟ್ವಿಸ್ಟ್ ಮೇಲಲ್ಲ, ಆ ಮನುಷ್ಯನ ಹೊಟ್ಟೆಪಾಡಿನ ಮೇಲೆ. ಇವನು ಕೇಬಲ್ ಆಫೀಸಲ್ಲಿ ರಾತ್ರಿಯೆಲ್ಲ ಸಿನಿಮಾ ನೋಡೋನು, ಅದಕ್ಕೇ ಜನರ ಕಣ್ಣಿಗೆ ಏನು ಕಟ್ಟುತ್ತೆ ಅಂತ ಗೊತ್ತು. 1955ರ ಸ್ಪೇನ್ ಸಿನಿಮಾ ಒಂದಿದೆ, ಬಾರ್ದೆಮ್ ಅನ್ನೋರದ್ದು, ಕಾರಲ್ಲಿ ಹೋಗೋ ಕದ್ದುಮುಚ್ಚಿನ ಜೋಡಿ ಒಬ್ಬ ಸೈಕಲ್‌ನವನಿಗೆ ಗುದ್ದಿ, ಇನ್ನೂ ಜೀವ ಇದ್ರೂ ಬಿಟ್ಟು ಓಡುತ್ತೆ. ಅದ್ರಲ್ಲಿ ಗಂಡಸು ಕಾಲೇಜಲ್ಲಿ ಜಾಮಿಟ್ರಿ ಹೇಳೋ ಮೇಷ್ಟ್ರು. ಪರೀಕ್ಷೆ ಹೊತ್ತಲ್ಲಿ ಹುಡುಗಿ ಬೋರ್ಡ್ ಹತ್ರ ಲೆಕ್ಕ ಮಾಡ್ತಿದ್ರೆ ಈ ಮೇಷ್ಟ್ರು ಪೇಪರಲ್ಲಿ ಆ ಸಾವಿನ ಸುದ್ದಿ ಓದ್ತಿರ್ತಾನೆ, ಗಾಬರೀಲಿ ಅವಳನ್ನ ಅರ್ಧಕ್ಕೇ ನಿಲ್ಲಿಸ್ತಾನೆ, ಅನ್ಯಾಯವಾಗಿ ಫೇಲಾಗ್ತಾಳೆ, ಕಾಲೇಜಲ್ಲಿ ಗಲಾಟೆ ಏಳುತ್ತೆ. ಪೊಲೀಸು ಬರೋಕೆ ಮುಂಚೆ ಬೋರ್ಡ್ ಮುಂದೇನೇ ಸಿಕ್ಕಿಬಿದ್ದ ನೋಡಿ, ಒಬ್ಬನಿಗೆ ಕಸುಬು ಕಾಪಾಡ್ತು, ಇನ್ನೊಬ್ಬನಿಗೆ ಕಸುಬೇ ಕೈ ಕೊಡ್ತು. (ನಿಮ್ ಸಮಾಧಾನಕ್ಕೆ ಹೇಳ್ತೀನಿ, 'ದೃಶ್ಯ'ದ ಚೀನೀ ರೀಮೇಕು 2019ರಲ್ಲಿ ಬಂತು, ಅದ್ರ ಕೊನೇಲಿ ಅಪ್ಪ ತಾನೇ ಹೋಗಿ ಶರಣಾಗ್ತಾನೆ.)

ನಮ್ಮ ಆಫೀಸಿಗೆ ಬರೋ ಪತ್ತೇದಾರಿ ಕಥೆ ಓದಿದ್ರೆ ಅಳು ಬರುತ್ತೆ. ಹೀರೋ 'ಕಂಪನಿಯೊಂದರಲ್ಲಿ ಉದ್ಯೋಗಿ' ಅಂತೆ, ಯಾವ ಕಂಪನಿ, ಏನ್ ಮಾಡ್ತಾನೆ, ಬಾಸ್ ಯಾರು, ಬಾಡಿಗೆ ಎಷ್ಟು ಕಟ್ತಾನೆ, ಒಂದೂ ಇಲ್ಲ, ಎರಡನೇ ಪುಟಕ್ಕೇ ಕೊಲೆ! ಒಬ್ಬ ಟೈರ್ ಪಂಚರ್ ಹಾಕೋನು, ಒಬ್ಬ ಗೊಬ್ಬರದ ಅಂಗಡಿಯೋನು, ಒಬ್ಳು ನರ್ಸಮ್ಮ ನಮ್ಮ ಕಥೆಗಳಲ್ಲಿ ಆ ಕೆಲ್ಸ ಮಾಡ್ತಾ ಕಾಣಲ್ಲ. ಬರೆಯೋರೆಲ್ಲ ಟೇಬಲ್ ಮುಂದೆ ಕೂತವ್ರು, ಬಸ್ಸಲ್ಲಿ ಮೂವತ್ತು ವರ್ಷ ನಿಂತವ್ರು ನಮ್ಗೆ ಬುದ್ಧಿ ಹೇಳೋ ಪತ್ರ ಮಾತ್ರ ಬರೀತಾರೆ. ನಿಮ್ಗೇ ಹೇಳ್ತಿರೋದು ಯಜಮಾನ್ರೇ. ಟಿಕೆಟ್ ಹಿಂದೆ ಚಿಲ್ಲರೆ ಬರೆಸ್ಕೊಂಡು ಮರೆತು ಇಳಿದು ಹೋದವ್ರ ಮುಖ ನಿಮ್ಗೆ ನೆನಪಿರ್ತಿತ್ತಾ? ಅದನ್ನ ಬರೀರಿ, ಪುಟ ಕೊಡ್ತೀನಿ.

ಬರೆಯೋವಾಗ ಬಿಳಿ ಹಾಳೆ ತಗೊಳ್ಳಿ ದಯವಿಟ್ಟು. ನಮ್ ಡಿಟಿಪಿ ಹುಡುಗ ನಿಮ್ ಪತ್ರದ ಜೊತೆ ವೇಬಿಲ್ ಕಡೇನೂ ಟೈಪ್ ಮಾಡಿ ಕೊಟ್ಟಿದ್ದ: ಹಾಸನ–ಬೇಲೂರು, ಫುಲ್ 14, ಹಾಫ್ 3, ಲಗೇಜ್ 1.