ಓದುಗರ ಪ್ರಶ್ನೆ: ಮಕ್ಕಳ ಜೊತೆ ದುರ್ಗದ ಕೋಟೆಗೆ

ಪ್ರಶ್ನೆ: ನಮಗೆ ಆರು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳು. ಚಿತ್ರದುರ್ಗದ ಕೋಟೆ ತೋರಿಸಿಕೊಂಡು ಬರೋಣ ಎಂದಿದ್ದೇವೆ. ಮಂಡಿನೋವಿರುವ ಮಾವನವರೂ ಜೊತೆಗೆ ಬರುತ್ತಾರೆ. ಒಂದೇ ದಿನದಲ್ಲಿ ಆಗುತ್ತದೆಯೇ?
(ಗೃಹಿಣಿ, ದಾವಣಗೆರೆ)

ಉತ್ತರ: ಧಾರಾಳವಾಗಿ ಆಗುತ್ತದೆ. ದಾವಣಗೆರೆಯಿಂದ ದುರ್ಗ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು ಎಂಟರ ಸುಮಾರಿಗೆ ಕೋಟೆ ಬಾಗಿಲಲ್ಲಿರಿ. ಹನ್ನೊಂದು ದಾಟಿದರೆ ಬಂಡೆ ಕಾಯುತ್ತದೆ. ಮೇಲಿನ ಬಿಸಿಲಿನ ಜೊತೆಗೆ ಕೆಳಗಿನಿಂದಲೂ ಝಳ ಹೊಡೆಯುತ್ತದೆ. ಮಕ್ಕಳು ಕಾಲು ನೋವೆಂದು ಹಟ ಹಿಡಿದು ಕೂರುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ತಲೆಗೆ ಟೋಪಿ, ಮಗುವಿಗೊಂದು ಲೀಟರ್ ನೀರು, ಜೊತೆಗೆ ಚಿಟಿಕೆ ಉಪ್ಪು ಹಾಕಿದ ಲಿಂಬೆ ಪಾನಕ ಇರಲಿ. ಮೇಲೆ ಸಿಗುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ಹವಾಯಿ ಚಪ್ಪಲಿ ಬೇಡವೇ ಬೇಡ. ಹತ್ತುವಾಗ ಹೇಗೋ ನಡೆಯುತ್ತದೆ, ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬಾರು ಕಿತ್ತುಬರುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ, ರಬ್ಬರ್ ಅಟ್ಟೆಯ, ಹಳೆಯದಾಗಿ ಕಾಲಿಗೆ ಒಗ್ಗಿದ ಪಾದರಕ್ಷೆ ಹಾಕಿಸಿ.

ತಿಂಡಿ ಹೊರಗೇ ಮುಗಿಸಿ ಒಳಗೆ ಹೋಗಿ. ಕೋತಿಗಳಿಗೆ ಕ್ಯಾರಿಬ್ಯಾಗಿನ ಸದ್ದು ಚೆನ್ನಾಗಿ ಗೊತ್ತು. ಬಿಸ್ಕತ್ ಪೊಟ್ಟಣ ಹಿಡಿದ ಮಗುವಿನ ಕೈಗೇ ಅವು ಹಾರುವುದು. ಹಾರಿದರೆ ಪೊಟ್ಟಣ ಬಿಟ್ಟುಬಿಡಬೇಕು, ಎಳೆದಾಡಬಾರದು. ಇದನ್ನು ಮನೆಯಲ್ಲೇ ಹೇಳಿಕೊಟ್ಟಿರಿ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಇನ್ನು ನೋಡುವುದು. ಕೋಟೆ ಪೂರ್ತಿ ಮುಗಿಸುತ್ತೇವೆಂಬ ಪಣ ತೊಡಬೇಡಿ. ಮಕ್ಕಳಿಗೆ ಮೂರು ಗಂಟೆ ಸಾಕು. ಮೊದಲ ಬಾಗಿಲು ದಾಟಿದ ಕೂಡಲೇ ನಿಲ್ಲಿಸಿ, 'ಮುಂದಿನ ಬಾಗಿಲು ಕಾಣುತ್ತದಾ?' ಎಂದು ಕೇಳಿ. ಕಾಣುವುದಿಲ್ಲ, ದಾರಿ ತಿರುವಿಕೊಂಡಿದೆ. ಆನೆ ಓಡಿಬಂದು ಬಾಗಿಲಿಗೆ ಗುದ್ದಬೇಕಾದರೆ ನೇರ ದಾರಿ ಬೇಕು; ಇಲ್ಲಿ ಅದು ಸಿಗದು, ತಿರುವಿನಲ್ಲಿ ನಿಂತವರ ಮೇಲೆ ಎತ್ತರದ ಗೋಡೆಯಿಂದ ಕಲ್ಲು, ಗುಂಡು ಸುರಿಯಬಹುದು. ಏಳು ಸುತ್ತಿನ ಕೋಟೆಯ ಮರ್ಮ ಆ ಒಂದು ತಿರುವಿನಲ್ಲೇ ಮಗುವಿಗೆ ತಿಳಿಯುತ್ತದೆ. ಮುಂದೆ ಸಿಡಿಮದ್ದು ಬೀಸುವ ಕಲ್ಲು: ದೊಡ್ಡ ಗುಂಡಿಯೊಳಗೆ ನಾಲ್ಕು ಭಾರಿ ಬೀಸುಗಲ್ಲುಗಳು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದರೆ ಮದ್ದು. ಈ ಕಲ್ಲು ತಿರುಗಿಸಲು ಯಾವ ಪ್ರಾಣಿ ಬೇಕಾದೀತು ಎಂದು ಹತ್ತು ವರ್ಷದವರನ್ನು ಕೇಳಿ, ಅವರೇ ಲೆಕ್ಕ ಹಾಕಲಿ.

ಮಾವನವರು ಕೆಳಗಿನ ಬಾಗಿಲುಗಳನ್ನು ನೋಡಿಕೊಂಡು ನೆರಳಲ್ಲಿ ಕೂರಲಿ. ಎಲ್ಲಿ ಕೂರುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮಧ್ಯಾಹ್ನದ ಊಟವಾದ ಮೇಲೆ ಊರೊಳಗೆ ರಂಗಯ್ಯನ ಬಾಗಿಲಿನ ವಸ್ತುಸಂಗ್ರಹಾಲಯಕ್ಕೆ ಎಲ್ಲರೂ ಒಟ್ಟಿಗೆ ಹೋಗಬಹುದು.

ಪ್ರಶ್ನೆ: ಓಬವ್ವನ ಕಥೆ ನಿಜವಾಗಿ ನಡೆದದ್ದಾ ಎಂದು ಮಗಳು ಕೇಳುತ್ತಾಳೆ. ಏನು ಹೇಳಲಿ? ಅಷ್ಟು ಸಾವಿನ ಕಥೆಯನ್ನು ಚಿಕ್ಕವರಿಗೆ ಹೇಳಬಹುದೇ?
(ಓದುಗ, ಹೊಳಲ್ಕೆರೆ)

ಉತ್ತರ: ಇತಿಹಾಸ ಯಾವುದು, ಜನರ ಬಾಯಿಮಾತಿನ ಕಥೆ ಯಾವುದು ಎಂದು ಮಗಳಿಗೆ ಎರಡನ್ನೂ ಬಿಡಿಸಿ ಹೇಳಿ. ಹೈದರಾಲಿ ದುರ್ಗಕ್ಕೆ ಮತ್ತೆ ಮತ್ತೆ ಮುತ್ತಿಗೆ ಹಾಕಿದ್ದು, 1779ರಲ್ಲಿ ಕೋಟೆ ಅವನ ವಶವಾಗಿದ್ದು, ಕೊನೆಯ ಮದಕರಿನಾಯಕ ಸೆರೆಸಿಕ್ಕಿ ಶ್ರೀರಂಗಪಟ್ಟಣಕ್ಕೆ ಹೋಗಿದ್ದು ಇತಿಹಾಸ. ಓಬವ್ವನ ಕಥೆ ದುರ್ಗದ ಜನರ ಬಾಯಿಂದ ಬಾಯಿಗೆ ಬಂದದ್ದು. ಕಾವಲಿನ ಕಹಳೆಯವನಾದ ಗಂಡ ಮುದ್ದಹನುಮ ಊಟಕ್ಕೆ ಬಂದಿದ್ದ, ಕೊಡದಲ್ಲಿ ನೀರಿರಲಿಲ್ಲ, ನೀರು ತರಲು ಹೋದ ಓಬವ್ವ ಕಿಂಡಿಯಲ್ಲಿ ಶತ್ರುಗಳು ನುಸುಳುವುದನ್ನು ಕಂಡು ಒನಕೆ ಹಿಡಿದು ನಿಂತಳು. ಅವಳ ಕೊನೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಬಾಯಿಮಾತಿನ ಕಥೆ ಎಂದ ಮಾತ್ರಕ್ಕೆ ಅದರ ತೂಕ ಇಳಿಯುವುದಿಲ್ಲ. ರಾಜರ ಹೆಸರನ್ನು ಶಾಸನ ಕಾದಿರಿಸಿತು, ಕಾವಲುಗಾರನ ಹೆಂಡತಿಯ ಹೆಸರನ್ನು ಊರೇ ಕಾದಿರಿಸಿತು. ಈಗ ರಾಜ್ಯ ಸರ್ಕಾರ ನವೆಂಬರ್ 11ರಂದು ಅವಳ ಜಯಂತಿ ಆಚರಿಸುತ್ತದೆ.

ಈ ಕಥೆಯನ್ನು ದಾರಿಯಲ್ಲಿ, ಬಸ್ಸಿನಲ್ಲಿ ಹೇಳಿ ಮುಗಿಸಬೇಡಿ. ಕಿಂಡಿಯ ಮುಂದೆ ನಿಂತೇ ಹೇಳಿ. ದೊಡ್ಡವರೊಬ್ಬರು ಅದರೊಳಗೆ ನುಸುಳಿ ತೋರಿಸಲಿ, ಮಗಳು ಈಚೆ ನಿಂತು ನೋಡಲಿ. ಮೊದಲು ತಲೆ, ಆಮೇಲೆ ಭುಜ. ಕೈ ಎರಡೂ ಬಂಡೆಗೆ ಊರಿರುತ್ತವೆ, ಮೈ ಬಾಗಿರುತ್ತದೆ. ಆ ಗಳಿಗೆಯಲ್ಲಿ ಕತ್ತಿ ಎತ್ತಲಾಗದು, ಹಿಂದೆ ಸರಿಯಲಾಗದು, ಜೊತೆಗಾರನನ್ನು ಕರೆದು ಉಪಯೋಗವಿಲ್ಲ. ಒಬ್ಬಳೇ ಹೆಣ್ಣುಮಗಳು ಅಷ್ಟು ಜನರನ್ನು ಹೇಗೆ ತಡೆದಳು ಎಂಬ ಪ್ರಶ್ನೆಗೆ ಆ ಕಿಂಡಿಯೇ ಉತ್ತರ. ಒನಕೆ ಕಂಡಿರದ ಮಗುವಾದರೆ ಹೋಗುವ ಮುಂಚೆ ಯಾರ ಮನೆಯಲ್ಲಾದರೂ ಒಂದನ್ನು ಎತ್ತಿಸಿ. ತುದಿಗೆ ಕಬ್ಬಿಣದ ಬಳೆ ಹಾಕಿದ ಆಳೆತ್ತರದ ಮರ ಅದು. ಭತ್ತ ಕುಟ್ಟಿ ಪಳಗಿದ ತೋಳಿಗೆ ಅದು ಎಂಥ ಆಯುಧ ಎಂದು ಆಗ ಅರ್ಥವಾಗುತ್ತದೆ.

ಎಂಟರೊಳಗಿನವರಿಗೆ ರಕ್ತದ ವರ್ಣನೆ ಬೇಡ, 'ಕೋಟೆ ಕಾಪಾಡಿದಳು' ಎಂಬಲ್ಲಿಗೆ ನಿಲ್ಲಿಸಬಹುದು. ಅಕ್ಕ-ತಂಗಿ ಹೊಂಡಕ್ಕೆ ರಾಣಿಯರು ಹಾರಿಕೊಂಡರೆಂಬ ಕಥೆಯನ್ನಂತೂ ಚಿಕ್ಕವರ ಮುಂದೆ ಎತ್ತಬೇಡಿ. ಅಲ್ಲಿ ನೀರಿನ ಮಾತಾಡಿ. ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ ಇಳಿಯುವಂತೆ ಕಟ್ಟಿದ್ದಾರೆ. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಮುತ್ತಿಗೆ ತಡೆದುಕೊಂಡದ್ದು ಕಲ್ಲಿನಷ್ಟೇ ಈ ನೀರಿನಿಂದಲೂ. ಇನ್ನೊಂದು ಮಾತು: ಹೈದರನ ಕಥೆಯನ್ನು ಇಬ್ಬರು ದೊರೆಗಳ ಜಗಳವಾಗಿಯೇ ಹೇಳಿ. ಅದಕ್ಕೆ ಇಂದಿನ ಬಣ್ಣ ಬಳಿದು ಮಕ್ಕಳ ತಲೆಗೆ ತುಂಬಬಾರದು.

ಪ್ರಶ್ನೆ: ಹಿಡಿಂಬೇಶ್ವರ ಗುಡಿಯಲ್ಲಿ ರಾಕ್ಷಸನ ಹಲ್ಲು ಇದೆಯಂತೆ, ಹೌದೇ?
(ಆರನೇ ತರಗತಿ ವಿದ್ಯಾರ್ಥಿ, ಹಿರಿಯೂರು)

ಉತ್ತರ: ಹಿಡಿಂಬನ ಹಲ್ಲು ಎಂದು ಹೇಳುವ ಮೂಳೆಯ ತುಂಡೊಂದನ್ನು ಅಲ್ಲಿ ಇಟ್ಟಿದ್ದಾರೆ, ಭೀಮನದೆಂದು ಹೇಳುವ ನಗಾರಿಯೂ ಇದೆ. ಹಿಡಿಂಬ ಇದೇ ಬೆಟ್ಟದಲ್ಲಿದ್ದ, ಭೀಮ ಇಲ್ಲೇ ಅವನನ್ನು ಕೊಂದ ಎಂಬುದು ಸ್ಥಳಪುರಾಣ. ನೀನು ಅದನ್ನು ನೋಡಿ, ನಿನಗೆ ಗೊತ್ತಿರುವ ಯಾವ ಪ್ರಾಣಿಯ ಮೂಳೆ ಅಷ್ಟು ದೊಡ್ಡದಿರುತ್ತದೆ ಎಂದು ಯೋಚಿಸಿ ನಮಗೆ ಬರೆ.

ಪ್ರಶ್ನೆ: ಏಳನೇ ತರಗತಿಯ 40 ಮಕ್ಕಳನ್ನು ಕರೆದೊಯ್ಯಬೇಕು. ಯಾವುದಕ್ಕೆ ಹೆಚ್ಚು ಎಚ್ಚರ ವಹಿಸಬೇಕು? ತುಪ್ಪದ ಕೊಳದ ಬತೇರಿ (ಬಂಡೆಯ ಮೇಲಿನ ಕಾವಲು ಬುರುಜು) ಹತ್ತಿಸಬಹುದೇ?
(ಶಿಕ್ಷಕಿ, ಜಗಳೂರು)

ಉತ್ತರ: ಎರಡನೆಯದಕ್ಕೆ ಮೊದಲು: ಹತ್ತಿಸಬೇಡಿ ಮೇಡಂ. ಕಡಿದಾದ ಬಂಡೆಗೆ ಕಾಲಿಡಲು ಸಣ್ಣ ಗುಳಿಗಳನ್ನು ಕೊರೆದಿದ್ದಾರೆ, ಅವು ಸವೆದು ನುಣುಪಾಗಿವೆ. ಹತ್ತುವಾಗ ಗುಳಿ ಕಣ್ಣೆದುರಿಗಿರುತ್ತದೆ. ಇಳಿಯುವಾಗ ಕಾಲಿನಲ್ಲೇ ತಡವಬೇಕು. ಮಕ್ಕಳು ನಡುವೆ ಹೆದರಿ ನಿಲ್ಲುವುದು ಇಳಿಯುವಾಗ. ಮಳೆ ಬಿದ್ದ ದಿನವಂತೂ ಹತ್ತಿರವೂ ಬಿಡಬೇಡಿ.

ಹತ್ತು ಮಕ್ಕಳಿಗೊಬ್ಬ ದೊಡ್ಡವರು, ಮುಂದೊಬ್ಬರು, ಕಟ್ಟಕಡೆಗೊಬ್ಬರು ಇರಲಿ. ಪ್ರತಿ ಬಾಗಿಲು ದಾಟಿದಾಗಲೂ ತಲೆ ಎಣಿಸಿ. ಗೈಡ್ ಮಾಡಿಕೊಂಡರೆ ದುಡ್ಡು, ಹೊತ್ತು, ತೋರಿಸುವ ಜಾಗಗಳನ್ನು ಕೆಳಗೇ ಮಾತಾಡಿ. ಹೊಂಡದ ಮೆಟ್ಟಿಲಿಗೆ ಯಾರನ್ನೂ ಇಳಿಸಬೇಡಿ, ಪಾಚಿ ಕಟ್ಟಿರುತ್ತದೆ.

ಬಂಡೆಯ ಸಂದಿನಲ್ಲಿ ಹೆಜ್ಜೇನು ಕಟ್ಟಿದ್ದು ಕಂಡರೆ ಗಲಾಟೆಯಿಲ್ಲದೆ ದೂರದಿಂದ ದಾಟಿಸಿ. ಒಬ್ಬ ಹುಡುಗ ಎಸೆದ ಕಲ್ಲು ನಲವತ್ತು ಜನಕ್ಕೂ ಆಪತ್ತು. ಆ ದಿನ ಸೆಂಟು ಹಾಕಿಕೊಳ್ಳಬಾರದೆಂದು ಮೊದಲೇ ಹೇಳಿ. ಅಪ್ಪಿತಪ್ಪಿ ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ದೂರ ಓಡಬೇಕು, ಹೊಂಡಕ್ಕೆ ಹಾರಬಾರದು. ಕಚ್ಚಿದ ಜಾಗದಲ್ಲಿ ಮುಳ್ಳು ಉಳಿದಿರುತ್ತದೆ, ಉಗುರಿನಿಂದ ಕೆರೆದು ಕೂಡಲೇ ತೆಗೆಯಿರಿ. ತಡವಾದಷ್ಟೂ ಹೆಚ್ಚು ವಿಷ ಮೈಗೆ ಸೇರುತ್ತದೆ. ಹಲವು ಕಡೆ ಕಚ್ಚಿದ್ದರೆ, ಉಸಿರಿಗೆ ತೊಂದರೆಯಾದರೆ, ಮುಖ ಊದಿದರೆ ಮನೆಮದ್ದು ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಿ. ಅದಕ್ಕಾಗಿ ಬಸ್ಸಿನ ಡ್ರೈವರ್ ಕೋಟೆ ಬಾಗಿಲ ಬಳಿಯೇ ಇರಲಿ, ಅವರ ನಂಬರ್ ನಿಮ್ಮೆಲ್ಲ ಶಿಕ್ಷಕರ ಫೋನಿನಲ್ಲೂ ಇರಲಿ.