ಬಣ್ಣ ಹಚ್ಚಿದವರ ಬರವಣಿಗೆ

ಗದಗಿನ ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ ಸಿನಿಮಾ ಸಾಹಿತಿ ಚಿ. ಉದಯಶಂಕರ್ ಬಗ್ಗೆ ನಾಲ್ಕು ಪುಟ ಯಾಕೆ? ಅವರು ಸಣ್ಣಪುಟ್ಟ ಪಾತ್ರ ಮಾಡಿದವರು. ನಟನೆ, ಬರವಣಿಗೆ ಅಂತ ಎರಡು ದೋಣಿಯಲ್ಲಿ ಕಾಲಿಟ್ಟರೆ ಯಾವುದೂ ದಡ ಮುಟ್ಟಲ್ಲ.’

ಎರಡೂ ಕಡೆ ಕೈಹಾಕಿ ಎರಡನ್ನೂ ಕೆಡಿಸಿದವರು ಇದ್ದಾರೆ, ಒಪ್ಪಿದೆ. ಆದರೆ ಗದಗಿನವರಾಗಿ ನೀವು ಹೀಗೆ ಬರೆಯೋದಾ? ಗರೂಡ ಸದಾಶಿವರಾಯರು ನಿಮ್ಮೂರಲ್ಲೇ ನಾಟಕ ಕಂಪನಿ ಕಟ್ಟಿದರು. ನಾಟಕ ಬರೆದರು, ಎಚ್ಚಮನಾಯಕನಾಗಿ ತಾವೇ ರಂಗಕ್ಕೆ ಬಂದರು. ನಾಟಕಕಾರ ಧುತ್ತರಗಿಯವರೂ ಕಂಪನಿಯಲ್ಲೇ ಬೆಳೆದವರು. ಅವರ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ಸಿನಿಮಾ ಆಯಿತು. ಅದರಲ್ಲಿ ರಾಜಕುಮಾರ್ ಎಮ್ಮೆ ಮೇಲೆ ಕೂತು ಹಾಡುವ ‘ಯಾರೇ ಕೂಗಾಡಲಿ’ ಬರೆದವರು ಇದೇ ಉದಯಶಂಕರ್. ನಮ್ಮ ಕಡೆಯ ನಾಟಕ, ಅವರ ಹಾಡು. ಎಷ್ಟು ಚೆನ್ನಾಗಿ ಕೂಡಿಕೊಂಡವು ಅಲ್ವಾ?

1963ರ ‘ಸಂತ ತುಕಾರಾಂ’ನಿಂದ ಶುರುವಾಗಿ 1993ರಲ್ಲಿ ತೀರಿಕೊಳ್ಳುವವರೆಗೆ ಉದಯಶಂಕರ್ ಬರೆದರು. ಅಪ್ಪ ಸದಾಶಿವಯ್ಯನವರೂ ಸಿನಿಮಾಕ್ಕೆ ಬರೆದವರೇ. ಉದಯಶಂಕರ್ ಸಂಭಾಷಣೆ ಬಾಯಿಗೆ ತಡೆಯಲ್ಲ. ಕ್ಯಾಮೆರಾ ಮುಂದೆ ನಿಂತವರಿಗೆ ಗೊತ್ತು, ಉಸಿರು ಎಲ್ಲಿ ಸಾಲಲ್ಲ ಅಂತ.

ಚಿಕ್ಕವನಿದ್ದಾಗ ಹುಬ್ಬಳ್ಳಿಯಲ್ಲಿ ಒಂದು ಕಂಪನಿ ನಾಟಕವನ್ನು ಎರಡು ರಾತ್ರಿ ನೋಡಿದ್ದೆ. ಕಂಪನಿಯ ಕವಿಗಳೇ, ಅಂದರೆ ನಾಟಕ ಬರೆದವರೇ, ತಂದೆಯ ಪಾತ್ರದಲ್ಲಿದ್ದರು. ಗಂಡನ ಮನೆ ಬಿಟ್ಟು ಮಗಳು ರಾತ್ರೋರಾತ್ರಿ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಮೊದಲ ರಾತ್ರಿ ತಂದೆಗೆ ಉದ್ದನೆಯ ಮಾತಿತ್ತು. ವಿಧಿ, ಕರ್ಮ, ಮನೆತನದ ಮಾನ. ಹಿಂದಿನ ಸಾಲಿನವರು ಶೇಂಗಾ ಒಡೆಯುತ್ತ ಗುಜುಗುಜು ಹರಟುತ್ತಿದ್ದರು. ಮರುದಿನ ಅವೆಲ್ಲ ಇರಲೇ ಇಲ್ಲ. ಕವಿಗಳು ಕಂದೀಲು ಎತ್ತಿ ಮಗಳ ಮುಖ ನೋಡಿದರು. ‘ಉಂಡಿ ಏನವ್ವಾ?’ ಅಂದರು. ಅಷ್ಟೇ. ಪಕ್ಕದಲ್ಲಿದ್ದ ನಮ್ಮವ್ವ ಸೆರಗು ಬಾಯಿಗಿಟ್ಟುಕೊಂಡಳು. ಶೇಂಗಾ ಸಪ್ಪಳವೂ ನಿಂತಿತ್ತು. ಮೇಜಿನ ಮುಂದೆ ಕೂತವರಿಗೆ ಆ ಮಾತು ಹೊಳೆಯುತ್ತಿತ್ತೇ? ಜನ ತನ್ನ ಮಾತು ಕೇಳುತ್ತಿಲ್ಲ ಅಂತ ಅಲ್ಲಿ ನಿಂತವನಿಗೇ ಗೊತ್ತಾಗೋದು.

ಇದೇ ಭಾಷೆಯನ್ನು ಇವತ್ತು ಸಿನಿಮಾದವರು ಏನು ಮಾಡಿದ್ದಾರೆ ನೋಡಿ. ಧಾರವಾಡದ ಮಾತು ಬಂತು ಅಂದರೆ ಜನ ನಗಬೇಕು, ಅಷ್ಟಕ್ಕೇ ಅದು. ಕಾವಲುಗಾರ, ಕುಡುಕ, ಪೆದ್ದ ನಮ್ಮಂತೆ ಮಾತಾಡುತ್ತಾರೆ. ನಾಯಕ ಪ್ರೀತಿಸುವಾಗ, ಅಳುವಾಗ ಮಾತ್ರ ನಮ್ಮ ಮಾತು ಸಾಲಲ್ಲ! ನಾವು ಪ್ರೀತಿ ಮಾಡಲ್ವಾ? ನಮ್ಮ ಮನೆಗಳಲ್ಲಿ ಸಾವು ಆಗಲ್ವಾ? ಹಾವೇರಿಯಲ್ಲಿ, ಹುಬ್ಬಳ್ಳಿಯಲ್ಲಿ ಬಣ್ಣ ಹಚ್ಚಿ ಮಾತು ಕಲಿತವರನ್ನು ಬರೆಯಲು ಕೂರಿಸಿದರೆ ಈ ಗತಿ ಬರುತ್ತಿರಲಿಲ್ಲ. ಅವರನ್ನು ಕರೆಯುವುದು ಒಂದು ದಿನದ ಪಾತ್ರಕ್ಕೆ. ಪೋಸ್ಟರ್‌ನಲ್ಲಿ ಬರೆದವರ ಹೆಸರು ಹುಡುಕಲು ಕನ್ನಡಕ ಬೇಕು.

ಪತ್ರದ ಕೊನೆಗೆ ನೀವು ಸುಮ್ನೆ ಒಂದು ಸಾಲು ಬರೆದಿದ್ದೀರಿ. ಅಟ್ಟದ ಮೇಲೆ ಅಜ್ಜನ ಕೈಬರಹದ ನಾಟಕದ ವಹಿಗಳಿವೆ, ದೀಪಾವಳಿಗೆ ರದ್ದಿಗೆ ಹಾಕಬೇಕು ಅಂತ. ದಯವಿಟ್ಟು ಹಾಕಬೇಡಿ. ಬರುವ ಭಾನುವಾರ ನಾನೇ ಗದಗಿಗೆ ಬರುತ್ತೇನೆ.

– ಸಂಪಾದಕ