ಕಾಮಿಡಿ ಅಂದರೆ ಮೊದಲು ನಗು ಅಲ್ಲ, ಹಾಡು

ನಮಸ್ಕಾರ. ಡೊಂಬಿವಲಿಯಲ್ಲಿ ನಾಟಕ ಆಡಿಸುತ್ತೀರಿ ಅಂತ ಓದಿ ಖುಷಿಯಾಯಿತು. ‘ಕಾಮಿಡಿ’ ಪದದ ಮೂಲ ಅರ್ಥವೇ ನಗುವಾ ಅಂತ ಕೇಳಿದ್ದೀರಿ. ಅಲ್ಲ. ಗ್ರೀಕಿನಲ್ಲಿ ‘ಕೋಮೋಸ್’ ಅಂದರೆ ಕುಡಿದು, ಕುಣಿದು, ಬೀದಿಯಲ್ಲಿ ಸಾಗುವ ಗುಂಪು. ಅದಕ್ಕೆ ಹಾಡು ಅನ್ನುವ ಪದ ಸೇರಿ ‘ಕೋಮೋಡಿಯಾ’ ಆಯಿತು. ಹಳ್ಳಿ ಅನ್ನುವ ಅರ್ಥದ ‘ಕೋಮೆ’ಯಿಂದ ಬಂತು ಅನ್ನುವ ವಾದವನ್ನೂ ಅರಿಸ್ಟಾಟಲ್ ಹೇಳಿದ್ದಾನೆ. ನನಗೆ ಮೊದಲನೆಯದೇ ಸರಿ ಅನ್ನಿಸುತ್ತದೆ. ಕ್ರಿ.ಪೂ. 486ರ ಹೊತ್ತಿಗೆ ಅಥೆನ್ಸಿನಲ್ಲಿ ಮದ್ಯದ ದೇವರು ಡಯೊನೈಸಸ್‌ನ ಹಬ್ಬದಲ್ಲಿ ಕಾಮಿಡಿಗೆ ಸ್ಪರ್ಧೆಯೇ ಇತ್ತು. ಮುಂದೆ ಯುರೋಪಿನಲ್ಲಿ, ಸುಖವಾಗಿ ಮುಗಿಯುವ ಕಥೆಗೂ ಇದೇ ಹೆಸರು.

ನಮ್ಮ ದಾರಿ ಬೇರೆ, ಅಲ್ವಾ? ನಾಟ್ಯಶಾಸ್ತ್ರದಲ್ಲಿ ಹಾಸ್ಯ ಒಂದು ರಸ, ಅದು ಹುಟ್ಟುವುದು ಶೃಂಗಾರದಿಂದ. ನಗುವಿನಲ್ಲೇ ಆರು ಬಗೆ. ಹಲ್ಲು ಕಾಣದ್ದು ಸ್ಮಿತ. ಕಣ್ಣಲ್ಲಿ ನೀರು ಬಂದು ಪಕ್ಕೆ ಹಿಡಿದುಕೊಳ್ಳುವುದು ಅತಿಹಸಿತ. ಮಾಟುಂಗದಲ್ಲಿ ಒಮ್ಮೆ ಯಕ್ಷಗಾನ ನೋಡುತ್ತಿದ್ದೆ. ಹಾಸ್ಯಗಾರ ರಾಜನ ಎದುರು ಬಂದು, ಹೆಗಲ ಮೇಲಿನ ಬಟ್ಟೆ ಕೊಡವಿ ಸುಮ್ನೆ ನಿಂತ. ಒಂದು ಮಾತೂ ಆಡಿರಲಿಲ್ಲ. ನನ್ನ ಪಕ್ಕದ ಅಜ್ಜಿ ಆಗಲೇ ಪಕ್ಕೆ ಹಿಡಿದುಕೊಂಡಿದ್ದರು. ನಿಮ್ಮ ನಟರಿಗೂ ಆ ನಿಲ್ಲುವುದನ್ನು ಕಲಿಸಿ.